ಒಮ್ಮೆ ಸೋತ ಮೇಲೆ: ಅಮೆರಿಕದ ಫೆಡರಲ್ ಕೈದಿಗೆ ಎರಡನೇ ಅರ್ಜಿ ಏಕೆ ಇಷ್ಟು ಕಷ್ಟ?

2026ರ ಜನವರಿ 9ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಪ್ರಕಟಿಸಲಿದೆ ಎಂದಾಗ ಎಲ್ಲರ ಕಣ್ಣು ಟ್ರಂಪ್ ಸುಂಕದ ಪ್ರಕರಣದ ಮೇಲಿತ್ತು. ಬಂದದ್ದು ಬೇರೆಯೇ ತೀರ್ಪು: ‘ಬೋ ವಿರುದ್ಧ ಅಮೆರಿಕ ಸರ್ಕಾರ’. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಜೈಲಿನಲ್ಲಿರುವ ಕೈದಿ ಹಿಂದೊಮ್ಮೆ ಎತ್ತಿ ಸೋತ ವಾದವನ್ನೇ ಮತ್ತೆ ಎತ್ತಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. 5–4ರ ಬಹುಮತದಲ್ಲಿ ಕೋರ್ಟು ಕೈದಿಯ ಕಡೆ ನಿಂತಿತು. ಬಹುಮತದ ತೀರ್ಪು ಬರೆದವರು ಸೋನಿಯಾ ಸೊಟೊಮಯೋರ್, ಭಿನ್ನಮತ ಬರೆದವರು ನೀಲ್ ಗೋರ್ಸಚ್.

ಇದನ್ನು ದೊಡ್ಡ ಗೆಲುವು ಎಂದು ಓದುವ ಮೊದಲು ಸ್ವಲ್ಪ ತಡೆಯಬೇಕು. ಬಾಗಿಲಿಗೆ ಹಾಕಿದ್ದ ಹಲವು ಬೀಗಗಳಲ್ಲಿ ಈ ತೀರ್ಪು ಒಂದನ್ನು ತೆಗೆದಿದೆ, ಅಷ್ಟೆ. ಉಳಿದವುಗಳಲ್ಲಿ ಅತಿ ಭಾರದ ಬೀಗಕ್ಕೆ ಒಂದು ವಿಚಿತ್ರ ಗುಣವಿದೆ. ಶಿಕ್ಷೆಯಲ್ಲಾದ ತಪ್ಪು ಎಷ್ಟು ದೊಡ್ಡದು ಎಂದು ಅದು ಕೇಳುವುದಿಲ್ಲ, ತಪ್ಪಿನ ಮೂಲ ಸಂವಿಧಾನದಲ್ಲಿದೆಯೋ ಕಾಯ್ದೆಯಲ್ಲಿದೆಯೋ ಎಂದು ಕೇಳುತ್ತದೆ.

ಸೆಕ್ಷನ್ 2254, ಸೆಕ್ಷನ್ 2255

ನಮ್ಮಲ್ಲಿ ಕೊಲೆ ಪ್ರಕರಣವಾಗಲಿ ಕೇಂದ್ರದ ಮಾದಕವಸ್ತು ಕಾಯ್ದೆಯ ಪ್ರಕರಣವಾಗಲಿ, ಕೊನೆಗೆ ಮೇಲ್ಮನವಿ ಹೋಗುವುದು ಅದೇ ಹೈಕೋರ್ಟಿಗೆ. ಅಮೆರಿಕದಲ್ಲಿ ಹಾಗಲ್ಲ. ರಾಜ್ಯಗಳ ಕಾನೂನು ಮುರಿದವರಿಗೆ ರಾಜ್ಯಗಳದೇ ಕೋರ್ಟು, ರಾಜ್ಯಗಳದೇ ಜೈಲು. ಕೇಂದ್ರದ ಕಾಯ್ದೆ ಮುರಿದವರಿಗೆ 94 ಫೆಡರಲ್ ಜಿಲ್ಲಾ ನ್ಯಾಯಾಲಯಗಳು, ಅವುಗಳ ಮೇಲೆ ಪ್ರದೇಶವಾರು 12 ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯಗಳು, ಅವೆಲ್ಲದರ ಮೇಲೆ ಸುಪ್ರೀಂ ಕೋರ್ಟ್. ಮೇಲ್ಮನವಿಯ ಹಂತ ಮುಗಿದ ಮೇಲೂ ಶಿಕ್ಷೆಯನ್ನು ಪ್ರಶ್ನಿಸಬೇಕೆಂದರೆ ರಾಜ್ಯದ ಕೈದಿಗೆ ಸೆಕ್ಷನ್ 2254, ಫೆಡರಲ್ ಕೈದಿಗೆ ಸೆಕ್ಷನ್ 2255. ಈ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಬೋ ಪ್ರಕರಣ ನಿಂತಿದ್ದೇ ಅದರ ಮೇಲೆ.

1948ಕ್ಕೆ ಮುಂಚೆ ಫೆಡರಲ್ ಕೈದಿಯೂ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನೇ ಹಾಕಬೇಕಿತ್ತು, ಅದೂ ಜೈಲು ಇರುವ ಜಿಲ್ಲೆಯ ಕೋರ್ಟಿನಲ್ಲಿ. ಆಲ್ಕಟ್ರಾಜ್, ಲೆವೆನ್‌ವರ್ತ್‌ನಂಥ ದೊಡ್ಡ ಜೈಲುಗಳ ಪಕ್ಕದ ಕೆಲವೇ ಕೋರ್ಟುಗಳ ಮೇಲೆ ಅರ್ಜಿಗಳ ರಾಶಿ ಬೀಳುತ್ತಿತ್ತು. ಕಡತ, ಸಾಕ್ಷಿ, ವಕೀಲರು ಇರುತ್ತಿದ್ದದ್ದು ಎಲ್ಲೋ ಸಾವಿರಾರು ಮೈಲಿ ಆಚೆ. ಅದಕ್ಕೇ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಸೆಕ್ಷನ್ 2255 ತಂದು ‘ಶಿಕ್ಷೆ ಕೊಟ್ಟ ಕೋರ್ಟಿಗೇ ಹೋಗಿ’ ಎಂದಿತು. ಜೊತೆಗೆ ಒಂದು ವಿನಾಯಿತಿ ವಾಕ್ಯವನ್ನೂ ಸೇರಿಸಿತು: ಬಂಧನ ಕಾನೂನುಬದ್ಧವೇ ಎಂದು ಪರೀಕ್ಷಿಸಲು ಈ ಮಾರ್ಗ ‘ಸಾಲದು ಅಥವಾ ನಿಷ್ಫಲ’ ಎನಿಸಿದರೆ ಹಳೆಯ ಹೇಬಿಯಸ್ ದಾರಿ ತೆರೆದಿರುತ್ತದೆ. ಈ ಒಂದು ವಾಕ್ಯದ ಸುತ್ತ ಮುಂದೆ ಕಾಲು ಶತಮಾನ ಜಗ್ಗಾಟ ನಡೆಯಿತು.

ಪದೇ ಪದೇ ಅರ್ಜಿ ಹಾಕುವವರ ಬಗ್ಗೆ ಆಗ ಕೋರ್ಟುಗಳಿಗೆ ಅಷ್ಟೇನೂ ಬಿಗಿ ನಿಲುವು ಇರಲಿಲ್ಲ. 1963ರ ಸ್ಯಾಂಡರ್ಸ್ ತೀರ್ಪಿನ ಪ್ರಕಾರ ನ್ಯಾಯದ ಹಿತ ಬೇಡಿದರೆ ನ್ಯಾಯಾಧೀಶರು ಎರಡನೇ ಅರ್ಜಿಯನ್ನೂ ಕೇಳಬೇಕಿತ್ತು. 1991ರ ಮೆಕ್ಲೆಸ್ಕಿ ತೀರ್ಪು ಅದನ್ನು ಬಿಗಿಗೊಳಿಸಿತು. 1995ರ ಏಪ್ರಿಲ್ 19ರಂದು ಒಕ್ಲಹೋಮ ಸಿಟಿಯ ಫೆಡರಲ್ ಕಟ್ಟಡಕ್ಕೆ ಬಾಂಬ್ ಇಟ್ಟಾಗ 168 ಜನ ಸತ್ತರು. ವರ್ಷ ಕಳೆಯುತ್ತಿದ್ದಂತೆ, 1996ರ ಏಪ್ರಿಲ್ 24ರಂದು, ಬಿಲ್ ಕ್ಲಿಂಟನ್ ಭಯೋತ್ಪಾದನೆ ನಿಗ್ರಹ ಮತ್ತು ಪರಿಣಾಮಕಾರಿ ಮರಣದಂಡನೆ ಕಾಯ್ದೆಗೆ ಸಹಿ ಹಾಕಿದರು. ಹೆಸರಿನಲ್ಲಿ ಭಯೋತ್ಪಾದನೆಯೂ ಮರಣದಂಡನೆಯೂ ಇದ್ದರೂ ಬಂದೂಕು ಇಟ್ಟುಕೊಂಡವನಿಂದ ಹಿಡಿದು ಮಾದಕವಸ್ತು ಮಾರಿದವನವರೆಗೆ ಎಲ್ಲ ಫೆಡರಲ್ ಕೈದಿಗೂ ಅನ್ವಯಿಸಿದ್ದು ಇದರ ನಿಯಮಗಳೇ.

ಮೊದಲ ಅರ್ಜಿಯಲ್ಲೇ ಎಲ್ಲವೂ

ಎರಡನೆಯದರ ಕಷ್ಟ ಅರ್ಥವಾಗಬೇಕಾದರೆ ಮೊದಲನೆಯದು ಹೇಗೆ ನಡೆಯುತ್ತದೆ ಎಂದು ನೋಡಬೇಕು. ಅರ್ಜಿಗೆ ಶುಲ್ಕವಿಲ್ಲ. ನಿಗದಿತ ನಮೂನೆ ಇದೆ. ಎಲ್ಲ ಆಧಾರಗಳನ್ನೂ ಪ್ರತಿಯೊಂದರ ಹಿಂದಿನ ಸಂಗತಿಗಳನ್ನೂ ಅದರಲ್ಲಿ ಬರೆದು, ಸುಳ್ಳಾದರೆ ಶಿಕ್ಷೆಗೆ ಒಳಪಡುವೆ ಎಂಬ ಪ್ರಮಾಣದೊಂದಿಗೆ ಸಹಿ ಹಾಕಿ ಶಿಕ್ಷೆ ಕೊಟ್ಟ ಕೋರ್ಟಿಗೆ ಕಳಿಸಬೇಕು. ಸರ್ಕಾರಿ ಖರ್ಚಿನ ವಕೀಲರು ಸಿಗುವುದು ಹಕ್ಕಲ್ಲ. ಸಾಕ್ಷ್ಯ ವಿಚಾರಣೆ ಬೇಕೆಂದು ನ್ಯಾಯಾಧೀಶರು ನಿರ್ಧರಿಸಿದಾಗ ಮಾತ್ರ, ಬಡ ಕೈದಿಗೆ ವಕೀಲರನ್ನು ಕೊಡಲೇಬೇಕು. ಹಾಗಾಗಿ ಬಹುಪಾಲು ಅರ್ಜಿಗಳನ್ನು ಕೈದಿಗಳೇ ಜೈಲಿನ ಕಾನೂನು ಗ್ರಂಥಾಲಯದಲ್ಲಿ ಕೂತು ಬರೆಯುತ್ತಾರೆ.

ಕಾಲಮಿತಿ ಒಂದು ವರ್ಷ. ಶಿಕ್ಷೆ ಅಂತಿಮಗೊಂಡ ದಿನದಿಂದ ಎಣಿಕೆ. ಸರ್ಕ್ಯೂಟ್ ಕೋರ್ಟಿನಲ್ಲಿ ಸೋತವನು ಸುಪ್ರೀಂ ಕೋರ್ಟಿಗೆ ಹೋಗದಿದ್ದರೂ, ಹೋಗಲು ಇದ್ದ 90 ದಿನ ಮುಗಿದ ಮೇಲೆಯೇ ವರ್ಷ ಶುರುವಾಗುತ್ತದೆ. ಇದು 2003ರ ಕ್ಲೇ ತೀರ್ಪು. ಅರ್ಜಿ ಕೋರ್ಟಿಗೆ ತಲುಪಿದ ದಿನವಲ್ಲ, ಜೈಲಿನ ಅಂಚೆ ವ್ಯವಸ್ಥೆಗೆ ಕೊಟ್ಟ ದಿನವೇ ಸಲ್ಲಿಕೆಯ ದಿನ. ಆದರೆ ಜೈಲಿನಲ್ಲಿ ಕಾನೂನು ಅಂಚೆಗೆ ಬೇರೆ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿರಬೇಕು. ಮನೆಯವರ ಕೈಗೆ ಕೊಟ್ಟು ಹೊರಗಿನಿಂದ ಪೋಸ್ಟ್ ಮಾಡಿಸಿದವನಿಗೆ ಈ ರಿಯಾಯಿತಿ ಇಲ್ಲ.

ಇಲ್ಲಿ ಆಗುವ ದೊಡ್ಡ ಎಡವಟ್ಟು ಎಂದರೆ ‘ಮೊದಲು ಒಂದು ಹಾಕಿ ನೋಡೋಣ, ಉಳಿದದ್ದು ಆಮೇಲೆ’ ಎಂಬ ಲೆಕ್ಕಾಚಾರ. ಕೈದಿ 11ನೇ ತಿಂಗಳಿನಲ್ಲಿ ಒಂದೇ ಆಧಾರದ ಮೇಲೆ ಅರ್ಜಿ ಹಾಕಿ, ವರ್ಷ ದಾಟಿದ ಮೇಲೆ ಇನ್ನೊಂದನ್ನು ಸೇರಿಸಲು ಹೊರಟರೆ, ಅದು ಮೊದಲಿನ ಸಂಗತಿಗಳಿಗೇ ಅಂಟಿಕೊಂಡಿದ್ದರೆ ಮಾತ್ರ ಸೇರುತ್ತದೆ. ವಕೀಲ ಸಾಕ್ಷಿಯನ್ನು ಕರೆಸಲಿಲ್ಲ ಎಂದು ಮೊದಲು ಬರೆದು, ಆಮೇಲೆ ರಾಜಿ ಒಪ್ಪಂದದ ಬಗ್ಗೆ ತಪ್ಪು ಸಲಹೆ ಕೊಟ್ಟ ಎಂದು ಸೇರಿಸಿದರೆ ಅದು ಬೇರೆ ಸಂಗತಿ, ಕಾಲಮಿತಿ ಮೀರಿದ್ದು. ಅದನ್ನೇ ಹೊಸ ಅರ್ಜಿಯಾಗಿ ಹಾಕಿದರೆ ‘ಎರಡನೆಯದು’ ಎಂಬ ಮುದ್ರೆ ಬೀಳುತ್ತದೆ. ಎರಡೂ ಕಡೆ ದಾರಿ ಮುಚ್ಚಿತು.

ಯಾವುದು ‘ಎರಡನೆಯದು’?

ಹಾಳೆಯ ಮೇಲೆ ಏನು ಶೀರ್ಷಿಕೆ ಇದೆ ಎಂಬುದು ಮುಖ್ಯವಲ್ಲ. ತೀರ್ಪು ಮರುಪರಿಶೀಲಿಸಿ ಎಂದು ಸಿವಿಲ್ ನಿಯಮ 60ರ ಕೆಳಗೆ ಅರ್ಜಿ ಹಾಕಿದರೂ, ಒಳಗೆ ಶಿಕ್ಷೆಯ ಮೇಲೆ ಹೊಸ ಆಕ್ಷೇಪ ಇದ್ದರೆ ಅದು ಎರಡನೇ ಅರ್ಜಿಯೇ. ಮೊದಲ ಅರ್ಜಿ ವಜಾಗೊಂಡು ಅದರ ಮೇಲ್ಮನವಿ ಇನ್ನೂ ಬಾಕಿ ಇರುವಾಗ ಹಾಕಿದ್ದೂ ಎರಡನೆಯದೇ. 2025ರ ಜೂನ್‌ನಲ್ಲಿ ರಿವರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರ್ವಾನುಮತದಿಂದ ಹೇಳಿತು. ಅದು ರಾಜ್ಯದ ಕೈದಿಯ ಪ್ರಕರಣವಾದರೂ ತರ್ಕ ಇಲ್ಲಿಗೂ ಹೊಂದುತ್ತದೆ.

ಕೈದಿಯ ಪರವಾಗಿಯೂ ಎರಡು ಮಾತಿವೆ. ಮೊದಲ ಅರ್ಜಿ ಗೆದ್ದು ಮರುಶಿಕ್ಷೆಯಾಗಿ ಹೊಸ ತೀರ್ಪು ಬಂದಿದ್ದರೆ, ಆ ಹೊಸ ತೀರ್ಪಿನ ವಿರುದ್ಧದ ಅರ್ಜಿಯನ್ನು ಮೊದಲನೆಯದೆಂದೇ ಎಣಿಸಬೇಕು. 2010ರ ಮ್ಯಾಗ್‌ವುಡ್ ತೀರ್ಪು ಹೇಳಿದ್ದು ಇದನ್ನೇ. ಇನ್ನೊಂದು, ಕೈದಿ ಬೇರಾವುದೋ ಹೆಸರಿನಲ್ಲಿ ಬರೆದ ಕಾಗದವನ್ನು ನ್ಯಾಯಾಧೀಶರು ತಾವೇ ‘ಇದು 2255’ ಎಂದು ಬದಲಿಸುವುದಾದರೆ, ಮುಂದಿನದು ಎರಡನೆಯದಾಗುತ್ತದೆ ಎಂದು ಮೊದಲೇ ಎಚ್ಚರಿಸಿ, ಹಿಂಪಡೆಯಲು ಅಥವಾ ಎಲ್ಲ ಆಧಾರ ಸೇರಿಸಿ ತಿದ್ದಲು ಅವಕಾಶ ಕೊಡಬೇಕು. ಎಚ್ಚರಿಸದಿದ್ದರೆ ಆ ಕಾಗದ ಲೆಕ್ಕಕ್ಕಿಲ್ಲ. ಕ್ಯಾಸ್ಟ್ರೋ ಪ್ರಕರಣ, 2003. ಹಳೆಯ ಕಡತ ಬಿಚ್ಚುವ ವಕೀಲರು ಮೊದಲು ಹುಡುಕಬೇಕಾದದ್ದು ಇವೆರಡನ್ನೇ. ಎಷ್ಟೋ ಸಲ ಎರಡನೆಯದೆಂದು ಕಂಡದ್ದು ನಿಜವಾಗಿ ಮೊದಲನೆಯದಾಗಿರುತ್ತದೆ.

ಮೂವರ ಪೀಠ, 30 ದಿನ

ನಿಜಕ್ಕೂ ಎರಡನೆಯದಾದರೆ ನೇರ ಜಿಲ್ಲಾ ಕೋರ್ಟಿಗೆ ಹೋಗುವಂತಿಲ್ಲ. ಹೋದರೆ ಕೇಳುವ ಅಧಿಕಾರವೇ ಆ ಕೋರ್ಟಿಗಿಲ್ಲ. ವಜಾ ಮಾಡುತ್ತಾರೆ, ಇಲ್ಲವೇ ಮೇಲಿನ ಕೋರ್ಟಿಗೆ ಕಳಿಸುತ್ತಾರೆ. ಮೊದಲು ಸರ್ಕ್ಯೂಟ್ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠದಿಂದ ಅನುಮತಿ ಪಡೆಯಬೇಕು. ಕಾಯ್ದೆಯ ಪ್ರಕಾರ ಪೀಠ 30 ದಿನದೊಳಗೆ ತೀರ್ಮಾನಿಸಬೇಕು. ಮೇಲ್ನೋಟಕ್ಕೆ ಷರತ್ತು ಪೂರೈಸಿದೆ ಎನಿಸಿದರೆ ಸಾಕು. ನಿರಾಕರಿಸಿದರೆ ಮೇಲ್ಮನವಿ ಇಲ್ಲ ಎನ್ನುತ್ತದೆ ಸೆಕ್ಷನ್ 2244; ಅದು ಸುಪ್ರೀಂ ಕೋರ್ಟಿನ ದಾರಿಯನ್ನೂ ಮುಚ್ಚುತ್ತದೆಯೇ ಎಂಬುದನ್ನು ಬೋ ಪ್ರಕರಣದಲ್ಲಿ ನೋಡೋಣ. ಒಪ್ಪಿದರೂ ಕೆಲಸ ಮುಗಿಯಲಿಲ್ಲ. ಜಿಲ್ಲಾ ನ್ಯಾಯಾಧೀಶರು ಅದೇ ಷರತ್ತುಗಳನ್ನು ಮತ್ತೆ, ಈ ಸಲ ಆಳವಾಗಿ ನೋಡಿ, ಹೊಂದದಿದ್ದರೆ ವಜಾ ಮಾಡಬೇಕು.

ಷರತ್ತುಗಳು ಎರಡೇ. ಎರಡರಲ್ಲಿ ಒಂದು ಇದ್ದರೂ ಸಾಕು.

ಮೊದಲನೆಯದು ಹೊಸ ಸಾಕ್ಷ್ಯ. ಅದನ್ನು ಉಳಿದ ಎಲ್ಲ ಸಾಕ್ಷ್ಯದ ಜೊತೆ ಇಟ್ಟು ನೋಡಿದಾಗ ವಿವೇಕವುಳ್ಳ ಯಾವ ಜ್ಯೂರಿಯೂ ತಪ್ಪಿತಸ್ಥನೆಂದು ಹೇಳುತ್ತಿರಲಿಲ್ಲ ಎಂದು ಸ್ಪಷ್ಟವಾಗಿ, ಮನವರಿಕೆಯಾಗುವಂತೆ ತೋರಬೇಕು. ‘ತಪ್ಪಿತಸ್ಥ’ ಎಂಬ ಪದದ ಮೇಲೆ ಒತ್ತು ಇದೆ. ಅಪರಾಧ ಮಾಡಿದ್ದು ಹೌದು, ಆದರೆ ಶಿಕ್ಷೆಯನ್ನು ತಪ್ಪು ಲೆಕ್ಕ ಹಾಕಿ ಹತ್ತು ವರ್ಷ ಹೆಚ್ಚಿಗೆ ಕೊಟ್ಟರು ಎನ್ನುವವನಿಗೆ ಇದು ಉಪಯೋಗಕ್ಕೆ ಬರುವುದು ಕಷ್ಟ.

ಎರಡನೆಯದು ಸಾಂವಿಧಾನಿಕ ಕಾನೂನಿನ ಹೊಸ ನಿಯಮ. ಅದು ಹಿಂದೆ ಲಭ್ಯವಿರಬಾರದು. ಹಳೆಯ ಪ್ರಕರಣಗಳಿಗೂ ಅನ್ವಯ ಎಂದು ಸ್ವತಃ ಸುಪ್ರೀಂ ಕೋರ್ಟೇ ಮಾಡಿರಬೇಕು, ಕೆಳಗಿನ ಕೋರ್ಟು ಹೇಳಿದರೆ ಸಾಲದು. 2021ರ ಎಡ್ವರ್ಡ್ಸ್ ತೀರ್ಪಿನ ನಂತರ ವಿಚಾರಣಾ ವಿಧಾನಕ್ಕೆ ಸಂಬಂಧಿಸಿದ ಯಾವ ಹೊಸ ನಿಯಮವೂ ಹಿಂದಿನವರಿಗೆ ಅನ್ವಯವಾಗದು. ಅಂದರೆ ಯಾವ ಕೃತ್ಯವನ್ನು ಶಿಕ್ಷಿಸಬಹುದು, ಯಾರನ್ನು ಎಷ್ಟರಮಟ್ಟಿಗೆ ಶಿಕ್ಷಿಸಬಹುದು ಎಂಬ ಬಗೆಯ ನಿಯಮಗಳಷ್ಟೇ ಈ ಬಾಗಿಲಲ್ಲಿ ತೂರುತ್ತವೆ. ಅಂಥವು ದಶಕಕ್ಕೆ ಕೆಲವೇ.

ಬಂದಾಗಲೂ ಗಡಿಯಾರದ ಕಾಟ ಬೇರೆ. 2015ರ ಜೂನ್ 26ರಂದು ಜಾನ್ಸನ್ ತೀರ್ಪು, ಹಳೆ ಅಪರಾಧಿಗಳ ಬಂದೂಕು ಪ್ರಕರಣಗಳಲ್ಲಿ ಕನಿಷ್ಠ 15 ವರ್ಷ ವಿಧಿಸುತ್ತಿದ್ದ ಕಾಯ್ದೆಯ ಒಂದು ಭಾಗವನ್ನು ಅಸ್ಪಷ್ಟ ಎಂದು ಹೊಡೆದುಹಾಕಿತು. ಅದು ಹಳೆಯ ಕೈದಿಗಳಿಗೂ ಅನ್ವಯ ಎಂದು ವೆಲ್ಚ್ ತೀರ್ಪು ಹೇಳಿದ್ದು 2016ರ ಏಪ್ರಿಲ್ 18ರಂದು. ಆದರೆ ಒಂದು ವರ್ಷದ ಎಣಿಕೆ ಹಕ್ಕು ಹುಟ್ಟಿದ ದಿನದಿಂದ, ಅನ್ವಯ ಎಂದು ಘೋಷಿಸಿದ ದಿನದಿಂದಲ್ಲ. 2005ರ ಡಾಡ್ ತೀರ್ಪು ಹಾಗೆಂದು ಕಟ್ಟಿಹಾಕಿತ್ತು. ಉಳಿದದ್ದು 69 ದಿನ. ಅಷ್ಟರಲ್ಲಿ ಸಾವಿರಾರು ಕೈದಿಗಳು ಸರ್ಕ್ಯೂಟ್ ಕೋರ್ಟುಗಳ ಬಾಗಿಲಿಗೆ ಬಂದರು, ಪೀಠಗಳು ದಿನಕ್ಕಿಷ್ಟು ಎಂಬಂತೆ ಆದೇಶ ಹೊರಡಿಸಿದವು. 30 ದಿನದ ಗಡುವನ್ನು ಕಟ್ಟುನಿಟ್ಟಾಗಿ ಹಿಡಿಯುವ ಹನ್ನೊಂದನೇ ಸರ್ಕ್ಯೂಟಿನಲ್ಲಿ, ಅಂದರೆ ಫ್ಲೋರಿಡಾ, ಜಾರ್ಜಿಯಾ, ಅಲಬಾಮಾಗಳ ಮೇಲಿನ ಕೋರ್ಟಿನಲ್ಲಿ, ಕೈದಿ ತುಂಬಿದ ಇಕ್ಕಟ್ಟಾದ ನಮೂನೆಯನ್ನಷ್ಟೇ ನೋಡಿ ಬರೆದ ಇಂಥ ಆದೇಶಗಳು ಮುಂದಿನ ಪ್ರಕರಣಗಳಿಗೂ ಪೂರ್ವನಿದರ್ಶನವಾಗಿ ಕೂತವು. ಅಲ್ಲಿನ ಕೆಲ ನ್ಯಾಯಾಧೀಶರೇ ಇದನ್ನು ಟೀಕಿಸಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಬ್ಬರು ಕೈದಿಗಳು

ಈಗ ಎರಡು ಪ್ರಕರಣ ಪಕ್ಕಪಕ್ಕ ಇಡೋಣ.

ಜೋನ್ಸ್ ವಿರುದ್ಧ ಹೆಂಡ್ರಿಕ್ಸ್ ಪ್ರಕರಣದ ಕೈದಿ ಜೋನ್ಸ್‌ಗೆ, ಹಿಂದೆ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದರೂ ಬಂದೂಕು ಇಟ್ಟುಕೊಂಡಿದ್ದಕ್ಕಾಗಿ 2000ದಲ್ಲಿ 27 ವರ್ಷ ದಾಟಿದ ಶಿಕ್ಷೆಯಾಯಿತು. ತನ್ನ ಹಳೆಯ ದಾಖಲೆ ಅಳಿಸಿಹೋಗಿದೆ ಎಂದು ನಂಬಿದ್ದೆ ಎಂಬುದು ಅವನ ಹೇಳಿಕೆ. ಆಗಿನ ಕಾನೂನಿನಲ್ಲಿ ಆ ನಂಬಿಕೆಗೆ ಬೆಲೆಯಿರಲಿಲ್ಲ. ಮೊದಲ 2255 ಅರ್ಜಿ ಮುಗಿಯಿತು. 2019ರಲ್ಲಿ ರೆಹೈಫ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಂದೂಕು ಇಟ್ಟುಕೊಳ್ಳುವಂತಿಲ್ಲದವರ ಗುಂಪಿಗೆ ತಾನು ಸೇರಿದ್ದೇನೆ ಎಂಬುದು ಆರೋಪಿಗೆ ತಿಳಿದಿತ್ತೆಂದು ಸರ್ಕಾರ ಸಾಬೀತು ಮಾಡಬೇಕು ಎಂದಿತು. ಅವನ ವಾದ ಅದೇ ತಾನೆ? ಆದರೆ ರೆಹೈಫ್ ಸಂವಿಧಾನದ ವ್ಯಾಖ್ಯಾನವಲ್ಲ, ಕಾಯ್ದೆಯ ಪದಗಳ ವ್ಯಾಖ್ಯಾನ. ಹೊಸ ಸಾಕ್ಷ್ಯವೂ ಅಲ್ಲ. ಎರಡೂ ಷರತ್ತಿಗೆ ಹೊಂದಲಿಲ್ಲ.

ಹಾಗಾದರೆ 1948ರ ವಿನಾಯಿತಿ ವಾಕ್ಯ? ಅದುವರೆಗೆ ಬಹುತೇಕ ಸರ್ಕ್ಯೂಟುಗಳು ಇಂಥವರನ್ನು ಆ ಸಂದಿಯಿಂದ ಒಳಬಿಡುತ್ತಿದ್ದವು. 2023ರ ಜೂನ್ 22ರಂದು ಕ್ಲಾರೆನ್ಸ್ ಥಾಮಸ್ ಬರೆದ 6–3ರ ತೀರ್ಪು ಸಂದಿಯನ್ನು ಮುಚ್ಚಿತು. ಶಿಕ್ಷೆ ಕೊಟ್ಟ ಕೋರ್ಟೇ ಈಗ ಇಲ್ಲದಿರುವಂಥ ಅಪರೂಪದ ಸಂದರ್ಭಕ್ಕೆ ಆ ವಾಕ್ಯ, ಎರಡನೇ ಅರ್ಜಿಯ ಮಿತಿಗಳನ್ನು ಬಳಸಿಹೋಗಲು ಅಲ್ಲ ಎಂದರು. ಕಾಂಗ್ರೆಸ್ ಎರಡೇ ಷರತ್ತು ಬರೆದಿದೆ ಎಂದರೆ ಮೂರನೆಯದು ಬೇಡವೆಂದೇ ಅರ್ಥ. ಸೊಟೊಮಯೋರ್ ಮತ್ತು ಎಲೆನಾ ಕೇಗನ್ ಜಂಟಿಯಾಗಿ, ಕೆಟಾಂಜಿ ಬ್ರೌನ್ ಜಾಕ್ಸನ್ ಪ್ರತ್ಯೇಕವಾಗಿ ಭಿನ್ನಮತ ಬರೆದರು. ಕಾನೂನಿನ ಕಣ್ಣಲ್ಲಿ ಅಪರಾಧವೇ ಅಲ್ಲದ್ದಕ್ಕೆ ಒಬ್ಬ ಜೈಲಿನಲ್ಲೇ ಉಳಿಯಬೇಕಾದ ಸ್ಥಿತಿಯ ಬಗ್ಗೆ ಅವರ ತಕರಾರು.

ಇನ್ನು ಬೋ. ದರೋಡೆಗೆ ಸಂಚು, ದರೋಡೆಯ ಯತ್ನ, ಹಿಂಸಾತ್ಮಕ ಅಪರಾಧದ ವೇಳೆ ಗುಂಡು ಹಾರಿಸಿದ್ದು, ಇವುಗಳಿಗೆ ಒಟ್ಟು 24 ವರ್ಷ. ಅದರಲ್ಲಿ 10 ವರ್ಷ ಬಂದೂಕಿಗೇ, ಉಳಿದದ್ದು ಮುಗಿದ ಮೇಲೆ ಅನುಭವಿಸಬೇಕಾದದ್ದು. ದರೋಡೆಯ ‘ಯತ್ನ’ ಹಿಂಸಾತ್ಮಕ ಅಪರಾಧ ಅಲ್ಲವೆಂದಾದರೆ ಆ 10 ವರ್ಷಕ್ಕೆ ಬುಡವೇ ಇರುವುದಿಲ್ಲ. 2016ರಲ್ಲಿ ಜಾನ್ಸನ್ ಹಿಡಿದು ಮೊದಲ ಅರ್ಜಿ ಹಾಕಿದ, ಸೋತ. 2019ರಲ್ಲಿ ಡೇವಿಸ್ ತೀರ್ಪು ಬಂದೂಕಿನ ಕಾಯ್ದೆಯ ಅಸ್ಪಷ್ಟ ಭಾಗವನ್ನು ಸಂವಿಧಾನವಿರೋಧಿ ಎಂದಾಗ ಅನುಮತಿ ಕೇಳಿದ. ದರೋಡೆಯ ಯತ್ನವೂ ಆ ಕಾಯ್ದೆಯ ಉಳಿದ ಭಾಗದಲ್ಲಿರುವ ಹಿಂಸಾತ್ಮಕ ಅಪರಾಧದ ವ್ಯಾಖ್ಯೆಗೆ ಹೊಂದುತ್ತದೆ ಎಂದು ಹನ್ನೊಂದನೇ ಸರ್ಕ್ಯೂಟ್ ನಿರಾಕರಿಸಿತು. 2022ರಲ್ಲಿ ಟೇಲರ್ ತೀರ್ಪು ಬಂತು: ಹೊಂದುವುದಿಲ್ಲ. ಅಂದರೆ 2019ರಲ್ಲಿ ಅವನು ಹೇಳಿದ್ದು ಸರಿ, ಕೋರ್ಟು ಹೇಳಿದ್ದು ತಪ್ಪು. ಮತ್ತೆ ಹೋದಾಗ ಸಿಕ್ಕ ಉತ್ತರ: ಈ ವಾದವನ್ನು ನೀನು ಹಿಂದೆಯೇ ಎತ್ತಿದ್ದೆ, ಎತ್ತಿದ್ದನ್ನು ಮತ್ತೆ ಎತ್ತುವಂತಿಲ್ಲ.

ಆ ನಿಷೇಧ ಇರುವುದು ಸೆಕ್ಷನ್ 2244ರಲ್ಲಿ. ಅಲ್ಲಿ ಬರೆದಿರುವುದು ‘ಸೆಕ್ಷನ್ 2254ರ ಅರ್ಜಿ’ ಎಂದು, ರಾಜ್ಯದ ಕೈದಿಗಳದು. ಆರು ಸರ್ಕ್ಯೂಟುಗಳು ಅದನ್ನು ಫೆಡರಲ್ ಕೈದಿಗಳಿಗೂ ಎಳೆದಿದ್ದವು, ಮೂರು ಒಪ್ಪಿರಲಿಲ್ಲ. ಸ್ವತಃ ಸರ್ಕಾರಿ ವಕೀಲರೇ ‘ಇದು ಫೆಡರಲ್ ಕೈದಿಗೆ ಅನ್ವಯವಲ್ಲ’ ಎಂದು ಒಪ್ಪಿಕೊಂಡಿದ್ದರು, ಹಾಗಾಗಿ ಕೆಳಗಿನ ಆದೇಶವನ್ನು ಸಮರ್ಥಿಸಲು ಸುಪ್ರೀಂ ಕೋರ್ಟ್ ಹೊರಗಿನ ವಕೀಲರನ್ನು ನೇಮಿಸಬೇಕಾಯಿತು. ಸರ್ಕಾರದ ತಕರಾರು ಬೇರೆ ಇತ್ತು: ಅನುಮತಿ ನಿರಾಕರಣೆಯ ಮೇಲೆ ಸುಪ್ರೀಂ ಕೋರ್ಟಿಗೂ ಬರುವಂತಿಲ್ಲ ಎಂಬುದು. ಬಹುಮತ ಎರಡಕ್ಕೂ ಉತ್ತರಿಸಿತು. 2254 ಎಂದು ಬರೆದರೆ 2254 ಎಂದೇ ಓದಬೇಕು. ಸುಪ್ರೀಂ ಕೋರ್ಟಿನ ಅಧಿಕಾರ ಕಿತ್ತುಕೊಳ್ಳಬೇಕಾದರೆ ಕಾಂಗ್ರೆಸ್ ಸ್ಪಷ್ಟವಾಗಿ ಹೇಳಿರಬೇಕು, ಫೆಡರಲ್ ಕೈದಿಗಳ ಮಟ್ಟಿಗೆ ಹಾಗೆ ಹೇಳಿಲ್ಲ.

ಈಗ ಇಬ್ಬರನ್ನೂ ಹೋಲಿಸಿ. ಟೇಲರ್ ಕೂಡ ರೆಹೈಫ್‌ನಂತೆ ಕಾಯ್ದೆಯ ವ್ಯಾಖ್ಯಾನವೇ. ಅದೊಂದನ್ನೇ ಹಿಡಿದು ಬಂದಿದ್ದರೆ ಬೋ ಕೂಡ ಹೊರಗೇ. ಆದರೆ ಡೇವಿಸ್ ಎಂಬ ಸಾಂವಿಧಾನಿಕ ಗೂಟ ಅಲ್ಲಿತ್ತು, ಟೇಲರ್‌ಅನ್ನು ಅದಕ್ಕೆ ನೇತುಹಾಕಿದ. ಜೋನ್ಸ್‌ಗೆ ಅಂಥ ಗೂಟವಿರಲಿಲ್ಲ. ಇಬ್ಬರ ದೂರೂ ಒಂದೇ, ‘ನಾನು ಮಾಡಿದ್ದನ್ನು ಈ ಕಾಯ್ದೆ ಅಪರಾಧ ಎನ್ನುವುದಿಲ್ಲ’. ಒಂದು ಹಂತದಲ್ಲಿ ಅರ್ಜಿಗಳಿಗೆ ಕೊನೆ ಇರಬೇಕು ಎಂಬುದನ್ನು ಒಪ್ಪಬಹುದು. ಸಾಕ್ಷಿಗಳು ಸಾಯುತ್ತಾರೆ, ಕಡತ ಕಳೆಯುತ್ತದೆ. ಆದರೆ ಜೋನ್ಸ್ ಬಗೆಯ ವಾದ ಬಹುಪಾಲು ಕಾಯ್ದೆಯ ಅರ್ಥದ ಮೇಲೆ ನಿಂತಿರುತ್ತದೆ. ಅಂತಿಮತೆಯ ವಾದ ಅತಿ ದುರ್ಬಲವಾಗುವ ಜಾಗದಲ್ಲೇ ಈ ಬೀಗ ಅತಿ ಬಿಗಿಯಾಗಿದೆ.

ಬೇರೆ ದಾರಿಗಳು

ಅಧ್ಯಕ್ಷರ ಕ್ಷಮೆ ಒಂದು. 2025ರ ಜನವರಿ 17ರಂದು ಬೈಡನ್ ಒಂದೇ ದಿನ ಸುಮಾರು 2,500 ಮಾದಕವಸ್ತು ಕೈದಿಗಳ ಶಿಕ್ಷೆ ತಗ್ಗಿಸಿದರು. ಅದು ಹಕ್ಕಲ್ಲ, ಕೃಪೆ. ಅನುಕಂಪದ ಬಿಡುಗಡೆ ಇನ್ನೊಂದು: ಜೈಲಿನ ವಾರ್ಡನ್‌ಗೆ ಮನವಿ ಕೊಟ್ಟು 30 ದಿನ ಕಳೆದ ಮೇಲೆ ಕೈದಿಯೇ ಕೋರ್ಟಿಗೆ ಹೋಗಬಹುದು. 2018ರ ಡಿಸೆಂಬರ್‌ನ ತಿದ್ದುಪಡಿಗೆ ಮುಂಚೆ ಇದೂ ಜೈಲು ಇಲಾಖೆಯ ಕೈಯಲ್ಲಿತ್ತು. 2255ರಲ್ಲಿ ಎತ್ತಬೇಕಾದ ವಾದವನ್ನು ಈ ದಾರಿಯಲ್ಲಿ ತರಬಹುದೇ ಎಂಬ ಪ್ರಶ್ನೆಯೂ ಸುಪ್ರೀಂ ಕೋರ್ಟಿಗೆ ಹೋಗಿ 2025ರ ನವೆಂಬರ್‌ನಲ್ಲಿ ವಾದ ನಡೆಯಿತು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ತಾಗುವ ಒಂದು ಮಾತು. ಪೌರತ್ವ ಇಲ್ಲದವರು ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯದ ಬಗ್ಗೆ ವಕೀಲರು ಎಚ್ಚರಿಸಲೇಬೇಕು ಎಂದು 2010ರ ಪಡಿಯ್ಯಾ ತೀರ್ಪು ಹೇಳಿತು. ಅದಕ್ಕೂ ಮುಂಚೆಯೇ ಶಿಕ್ಷೆ ಅಂತಿಮಗೊಂಡವರಿಗೆ ಅದು ಅನ್ವಯಿಸದು ಎಂದು 2013ರ ಚೈಡೆಜ್ ತೀರ್ಪು ಹೇಳಿತು. ಜೈಲು, ನಿಗಾ ಅವಧಿ ಎರಡೂ ಮುಗಿದವರಿಗೆ 2255 ಇಲ್ಲವೇ ಇಲ್ಲ. ಗಡೀಪಾರಿನ ನೋಟಿಸ್ ಬಂದ ಮೇಲೆ ಹಳೆಯ ಕೇಸು ತೆರೆಸೋಣ ಎಂದರೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಬೋ ತೀರ್ಪಿನ ಬಲದಿಂದ ಈಗ ಮತ್ತೆ ಅರ್ಜಿ ಹಾಕಲು ಹೊರಟವರು ಗಮನಿಸಬೇಕಾದ ತೊಡಕು ಒಂದಿದೆ. ಸುಪ್ರೀಂ ಕೋರ್ಟ್ ಬೋಗೆ ಬಿಡುಗಡೆ ಕೊಟ್ಟಿಲ್ಲ. ಎರಡು ಷರತ್ತುಗಳ ಪ್ರಕಾರ ಪರಿಶೀಲಿಸಿ ಎಂದು ಹನ್ನೊಂದನೇ ಸರ್ಕ್ಯೂಟಿಗೆ ಮರಳಿಸಿದೆ. ಮೇಲಾಗಿ ಬೋ ತೀರ್ಪು ಕೂಡ ಕಾಯ್ದೆಯ ವ್ಯಾಖ್ಯಾನವೇ ಹೊರತು ಸಂವಿಧಾನದ ಹೊಸ ನಿಯಮವಲ್ಲ. ಹಾಗಾಗಿ ಅದರಿಂದ ಹೊಸ ಒಂದು ವರ್ಷ ಶುರುವಾಗುವುದಿಲ್ಲ. ಡೇವಿಸ್ ಆಧಾರಿತ ಅರ್ಜಿಯ ವರ್ಷ 2020ರ ಜೂನ್‌ನಲ್ಲೇ ಮುಗಿದಿದೆ. ಕಾಲಮಿತಿ ಕೋರ್ಟಿನ ಅಧಿಕಾರವ್ಯಾಪ್ತಿಯ ಪ್ರಶ್ನೆಯಲ್ಲವಾದ್ದರಿಂದ ಸರ್ಕಾರ ಅದನ್ನು ಬಿಟ್ಟುಕೊಡಬಹುದು, ಅಥವಾ ಅಸಾಧಾರಣ ಅಡಚಣೆಯಿತ್ತೆಂದು ಕೈದಿ ರಿಯಾಯಿತಿ ಕೇಳಬಹುದು. ಅರ್ಜಿಯ ಮೊದಲ ಪುಟದಲ್ಲೇ ಹಳೆಯ ನಿರಾಕರಣೆ ಆದೇಶದ ದಿನಾಂಕ, ಅದನ್ನು ಯಾವ ಕಾರಣಕ್ಕೆ ಕೊಟ್ಟರು ಎಂಬ ಸಾಲು, ತಡವಾದದ್ದಕ್ಕೆ ವಿವರಣೆ, ಮೂರೂ ಇರುವುದು ಒಳ್ಳೆಯದು.